ಫೈಲಿನಲ್ಲಿದೆ, ಆದ್ದರಿಂದ ಸತ್ಯ

ಅಲ್ಲಾ ಸ್ವಾಮಿ, ಈ ಸಿಸ್ಟಂ ಅಡ್ಮಿನ್‌ಗಳಿಗೆ ಯಾರ ಮೇಲೂ ನಂಬಿಕೆಯೇ ಇಲ್ಲವೇ? ಸರ್ವರ್ ತನ್ನ ಪಾಡಿಗೆ ಗುರ್‍ರೆನ್ನುತ್ತಾ ದುಡೀತಿರುತ್ತೆ. ಅದರ ಮೇಲೊಂದು ಕಣ್ಣು, ಪ್ರಾಮಿಥಿಯಸ್! 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಈ ಮಹಾಶಯ ನಿಮಿಷ ನಿಮಿಷಕ್ಕೂ ಬಂದು, "ಮೆಮೊರಿ ಎಷ್ಟು? ಡಿಸ್ಕ್ ಎಷ್ಟು?" ಅಂತ ವಿಚಾರಿಸ್ತಾನೆ. 9100ನೇ ಪೋರ್ಟಿನಲ್ಲಿ ಕೂತ ನೋಡ್ ಎಕ್ಸ್‌ಪೋರ್ಟರ್ ಪಟಪಟ ಅಂತ ಒಪ್ಪಿಸುತ್ತೆ.

ಆದರೆ "ರಾತ್ರಿ ಬ್ಯಾಕಪ್ ಆಯ್ತಾ?" ಅನ್ನಿ, ತುಟಿ ಪಿಟಕ್ ಅನ್ನೋಲ್ಲ. ಬ್ಯಾಕಪ್ ಸ್ಕ್ರಿಪ್ಟು ಸರಿರಾತ್ರಿ ಎದ್ದು, ಕೆಲಸ ಮುಗಿಸಿ ಮಾಯ. ಕೇಳೋಕೆ ಬಂದಾಗ ಯಾರಿದ್ದಾರೆ? ಅದಕ್ಕೇ ಎಕ್ಸ್‌ಪೋರ್ಟರ್‌ನೊಳಗೊಂದು ಟೆಕ್ಸ್ಟ್‌ಫೈಲ್ ಕಲೆಕ್ಟರ್. ಊರಿಗೆ ಹೊರಟವರು ಹಾಲಿನವನಿಗೆ ಬಾಗಿಲಲ್ಲಿ ಚೀಟಿ ಸಿಕ್ಕಿಸಿ ಹೋಗೋ ಹಾಗೆ, ಸ್ಕ್ರಿಪ್ಟು ಒಂದು ಫೈಲು ಬರೆದಿಟ್ಟು ಹೋಗಬೇಕು. ಯಾವ ಡೈರೆಕ್ಟರಿ ಅಂತ ಎಕ್ಸ್‌ಪೋರ್ಟರ್‌ಗೆ ಮೊದಲೇ ಹೇಳಿಟ್ಟರಾಯಿತು.

ಆದರೆ ಮಡಿ ಜಾಸ್ತಿ! ಫೈಲಿನ ಹೆಸರು 'ಡಾಟ್ ಪ್ರಾಮ್' ಅಂತಲೇ ಮುಗೀಬೇಕು, ಇಲ್ಲದಿದ್ದರೆ ತಿರುಗಿಯೂ ನೋಡೋಲ್ಲ. ಸಾಲಿನ ಕೊನೆಗೆ ಟೈಮ್‌ಸ್ಟ್ಯಾಂಪ್ ಅಂಟಿಸಿದಿರೋ, ಇಡೀ ಫೈಲೇ ಕಸ. ಬರೀತಾ ಇರುವಾಗಲೇ ಓದೋಕೆ ಬಂದರೆ ಅರ್ಧ ಸಾಲು ಸಿಕ್ಕಿ ರಂಪ. ಆದ್ದರಿಂದ ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಲ್ಲಿ ಪೂರ್ತಿ ಬರೆದು, ಆಮೇಲೆ 'ಎಂವಿ' ಕಮಾಂಡ್ ಕೊಟ್ಟು ಹೆಸರು ಬದಲಿಸಬೇಕು. ಆಗ ಓದುವವನಿಗೆ ಸಿಕ್ಕರೆ ಹಳೇದು ಪೂರ್ತಿ, ಇಲ್ಲವೇ ಹೊಸದು ಪೂರ್ತಿ.

ಇಷ್ಟೆಲ್ಲ ಮಾಡಿ ನಮ್ಮ ಜಾಣರು ಫೈಲಿನೊಳಗೆ ಬರೆಯೋದೇನು? 'ಬ್ಯಾಕಪ್ ಸಕ್ಸೆಸ್ 1'. ಮರುದಿನ ಯಾರೋ ಸ್ಕ್ರಿಪ್ಟನ್ನು ಹೊತ್ತಿಗೆ ಎಬ್ಬಿಸೋ ಕ್ರಾನ್ ಸಾಲು ಅಳಿಸಿದರು ಅಂತಿಟ್ಟುಕೊಳ್ಳಿ. ಸ್ಕ್ರಿಪ್ಟು ಏಳೋದೇ ಇಲ್ಲ, ಫೈಲು ಮಾತ್ರ ಅಲ್ಲೇ ಇದೆ. ಪ್ರಾಮಿಥಿಯಸ್ ಅದನ್ನೇ ಓದ್ತಾನೆ, ಗ್ರಾಫಿನಲ್ಲಿ ನೆಟ್ಟಗೆ ಹಸಿರು ಗೆರೆ, ಮ್ಯಾನೇಜರ್ ಮುಖದಲ್ಲಿ ಮಂದಹಾಸ! ಆ '1'ರ ಜಾಗದಲ್ಲಿ ಕೊನೇ ಬ್ಯಾಕಪ್ ಮುಗಿದ ಹೊತ್ತನ್ನು ಸೆಕೆಂಡುಗಳಲ್ಲಿ ಬರೆದು, ಒಂದು ದಿನ ಮೀರಿದರೆ ಕೂಗು ಅಂತ ಅಲರ್ಟ್ ಇಟ್ಟರೆ ಬಣ್ಣ ಬಯಲಾಗುತ್ತೆ. ಫೈಲು ಕೊನೆಗೆ ಬದಲಾದ ಹೊತ್ತನ್ನಂತೂ ಎಕ್ಸ್‌ಪೋರ್ಟರ್ ಪುಕ್ಕಟೆಯಾಗಿ ಕೊಡುತ್ತೆ, ನೋಡುವವರು ಬೇಕಷ್ಟೆ.

ಎಲ್ಲ ಸರಿಮಾಡಿ ಮೀಸೆ ತಿರುವುತ್ತಿದ್ದೀರಾ? ಬಹಳ ಸಂತೋಷ. ಆ ಬ್ಯಾಕಪ್ಪನ್ನು ಒಂದು ಸಲವಾದರೂ ರೀಸ್ಟೋರ್ ಮಾಡಿ ನೋಡಿದ್ದೀರೋ, ಅಥವಾ ಅದಕ್ಕೂ ಒಂದು ಫೈಲಿನಲ್ಲಿ '1' ಬರೆದಿಟ್ಟಿದ್ದೀರೋ?