ಮೂವತ್ತು ಆಂಪಿಯರ್ ಅರಣ್ಯವಾಸ: ಒಂದು ಅಂತರ್‌ಶಿಸ್ತೀಯ ಅನುಸಂಧಾನ

1.0 ಪ್ರಸ್ತಾವನೆ

ಮನುಷ್ಯ ಮತ್ತು ನಿಸರ್ಗದ ಮುಖಾಮುಖಿಯನ್ನು ತಾತ್ವಿಕ, ಸಾಂಸ್ಕೃತಿಕ, ಚಾರಿತ್ರಿಕ ಹಾಗೂ ಪ್ಲಂಬಿಂಗ್ ನೆಲೆಗಳಲ್ಲಿ ಪರಿಭಾವಿಸಿಕೊಳ್ಳುವ ಬಹುತ್ವದ ಸಾಧ್ಯತೆಯೊಂದು ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಂಚಿನ, ನದಿದಡದ, ಗಾಲಿಯ ಮೇಲಿನ ಮನೆಗಳು ತಂಗುವ, ಅಗ್ಗದ ಆರ್‌ವಿ ಪಾರ್ಕುಗಳಲ್ಲಿ ತನ್ನನ್ನು ತಾನು ಕಟ್ಟಿಕೊಳ್ಳುತ್ತಿದೆ ಎಂಬುದು ಪ್ರಸ್ತುತ ಪ್ರಬಂಧದ ಗೃಹೀತ. ಬಿಡಿಸಿ ಹೇಳುವುದಾದರೆ: ಮಲಗಲು ಕಡಿಮೆ ದುಡ್ಡಿನ ಜಾಗ, ಪಕ್ಕದಲ್ಲಿ ಹೊಳೆ, ತಲೆಯ ಮೇಲೆ ಮರ. ಆದರೆ ಹೀಗೆ ಬಿಡಿಸಿ ಹೇಳಿದರೆ ಅದು ಪ್ರಬಂಧವಾಗುವುದಿಲ್ಲ, ಪ್ರಯಾಣಭತ್ಯೆಯೂ ಹುಟ್ಟುವುದಿಲ್ಲ.

ಅಧ್ಯಯನಕ್ಕೆ ಪ್ರೇರಣೆ ಸಿಕ್ಕಿದ್ದು ಪರಿಸರ ಕುರಿತ ಒಂದು ವಿಚಾರ ಸಂಕಿರಣದಲ್ಲಿ. ಪ್ರಸ್ತುತ ಸಂಶೋಧಕ ಅಲ್ಲಿ ದಿನವಿಡೀ ಕೂತಿದ್ದ. ಬೆಳಿಗ್ಗೆ 'ಸಂಕಥನ' ಬಂತು, ಹನ್ನೊಂದಕ್ಕೆ 'ಪ್ರತಿಸಂಕಥನ' ಬಂತು, ಊಟವಾದ ಮೇಲೆ 'ಅನನ್ಯತೆಯ ಬಿಕ್ಕಟ್ಟು' ಕೂಡ ಬಂತು. ಒಂದೇ ಒಂದು ಮರದ ಹೆಸರು ಬರಲಿಲ್ಲ. ಸಭಾಂಗಣದ ಬಾಗಿಲಲ್ಲೇ ಹೊಂಗೆಯೊಂದು ಹೂವುದುರಿಸುತ್ತ ನಿಂತಿತ್ತು. ಎಲ್ಲರೂ ಆ ಹೂವು ತುಳಿದುಕೊಂಡೇ ಚಹಾಕ್ಕೆ ಹೋದರು.

1.1 ವ್ಯಾಪ್ತಿ ಮತ್ತು ಮಿತಿ

ಸ್ಯಾನ್ ಫ್ರಾನ್ಸಿಸ್ಕೊದಿಂದ 101ನೇ ಹೆದ್ದಾರಿ ಹಿಡಿದು ನಾಲ್ಕು ತಾಸಿನಷ್ಟು ಉತ್ತರಕ್ಕೆ ಹೋದರೆ ಸಿಗುವ ಹಂಬೋಲ್ಟ್ ಕೌಂಟಿ, ಅಲ್ಲಿ ಹರಿಯುವ ಈಲ್ ನದಿಯ ದಕ್ಷಿಣ ಕವಲು, ಅದರ ಬದಿಗೆ ದೊಡ್ಡ ಮರಗಳ ನಡುವೆ ಸಾಗುವ 31 ಮೈಲಿಯ 'ಅವೆನ್ಯೂ ಆಫ್ ದ ಜಯಂಟ್ಸ್' ರಸ್ತೆ: ಇವು ಅಧ್ಯಯನದ ವ್ಯಾಪ್ತಿ. ಮಂಚದ ಮೇಲೆ ಆರು ದಿಂಬು ಇಡುವ ರೆಸಾರ್ಟುಗಳನ್ನು ವೈಧಾನಿಕ ಕಾರಣಗಳಿಗಾಗಿ ಹೊರಗಿಡಲಾಗಿದೆ. ವೈಧಾನಿಕ ಕಾರಣ ಎಂದರೆ ಬಾಡಿಗೆ.

ಮಿತಿಯನ್ನೂ ಹೇಳಬೇಕು. ಲೋಕದಲ್ಲಿ ಬದುಕಿರುವ ಮರಗಳಲ್ಲೇ ಎತ್ತರದ್ದು, ಸುಮಾರು 116 ಮೀಟರಿನ 'ಹೈಪೀರಿಯನ್' ಎಂಬ ರೆಡ್‌ವುಡ್ಡು, ಇನ್ನೂ ಉತ್ತರಕ್ಕಿರುವ ರೆಡ್‌ವುಡ್ ನ್ಯಾಷನಲ್ ಪಾರ್ಕಿನಲ್ಲಿದೆ. 2006ರಲ್ಲಿ ಪತ್ತೆಯಾಯಿತು. ಆಮೇಲೆ ಅದನ್ನು ನೋಡಿದೆನೆಂದು ಹೇಳಿಕೊಳ್ಳಲು ಜನ ಪೊದೆ ಸೀಳಿಕೊಂಡು ಹೋಗಿ ಬುಡದ ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡಿದರು. ಈ ಮರದ ಬೇರು ಆಳಕ್ಕೆ ಇಳಿಯುವುದಿಲ್ಲ, ಅಗಲಕ್ಕೆ ಹರಡುತ್ತದೆ. 2022ರಿಂದ ಅಲ್ಲಿ ಸಿಕ್ಕಿಬಿದ್ದರೆ 5,000 ಡಾಲರ್ ದಂಡ, ಆರು ತಿಂಗಳ ಜೈಲು, ಎರಡೂ ಆಗಬಹುದು. ಪ್ರಾಥಮಿಕ ಆಕರವನ್ನೇ ನೋಡದೆ ಪ್ರಬಂಧ ಬರೆಯುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದೇನಲ್ಲವಾದ್ದರಿಂದ ಸಂಶೋಧಕ ಎದೆಗುಂದಲಿಲ್ಲ.

2.0 ವರ್ಗೀಕರಣ

2.1 ವಾಹನಾಧಾರಿತ

ಆರ್‌ವಿಗಳಲ್ಲಿ ಬಸ್ಸಿನಷ್ಟು ದೊಡ್ಡದು 'ಕ್ಲಾಸ್ ಎ'. ಡ್ರೈವರನ ತಲೆಯ ಮೇಲೆ ಹಾಸಿಗೆಯನ್ನು ಮುಂಚಾಚಿಕೊಂಡ ಮಧ್ಯಮಗಾತ್ರದ್ದು 'ಕ್ಲಾಸ್ ಸಿ'. ಎಲ್ಲಕ್ಕಿಂತ ಚಿಕ್ಕ, ವ್ಯಾನಿನಂಥದು 'ಕ್ಲಾಸ್ ಬಿ'. ಎ, ಸಿ, ಬಿ ಎಂಬ ಈ ಅನುಕ್ರಮವನ್ನು ಅಕ್ಷರಮಾಲೆ ಒಪ್ಪದಿದ್ದರೂ ಉದ್ಯಮ ಒಪ್ಪಿರುವುದರಿಂದ, ಸಂಶೋಧಕ ಇದನ್ನು 'ವ್ಯುತ್ಕ್ರಮಾನುಕ್ರಮ ನ್ಯಾಯ' ಎಂದು ಕರೆಯುತ್ತಾನೆ. ಎಳೆದೊಯ್ಯುವ ಟ್ರೇಲರುಗಳದು ಬೇರೆ ಶಾಖೆ. ಟೆಂಟಿನವರು ಪಾರ್ಕಿನ ತುದಿಯಲ್ಲಿ, ಶೌಚಾಲಯಕ್ಕೆ ದೂರದಲ್ಲಿ, ಕೊಳೆನೀರು ಸುರಿಯುವ ಡಂಪ್ ಸ್ಟೇಷನ್ನಿಗೆ ಹತ್ತಿರದಲ್ಲಿ ಇರತಕ್ಕದ್ದು.

ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಒಳಗೆ ಬಿಡದ ಪಾರ್ಕುಗಳೂ ಇವೆ. ಬೇಲಿಯಾಚೆಯ ಮರಗಳಿಗೆ ಸಾವಿರ ವರ್ಷ ದಾಟಿದೆ. ವಯೋಮಿತಿಯನ್ನು ಮರಗಳಿಗೂ ಅನ್ವಯಿಸಿದ ಕಾಲವೊಂದಿತ್ತು. ಅದು ಮುಂದೆ ಬರುತ್ತದೆ.

2.2 ವಿದ್ಯುದಾಧಾರಿತ

ಕರೆಂಟಿನ ಕಂಬದಲ್ಲಿ 30 ಆಂಪಿನದು, 50 ಆಂಪಿನದು ಎಂದು ಎರಡು ಬಗೆಯ ಪ್ಲಗ್ಗು. ವ್ಯತ್ಯಾಸ ಇಪ್ಪತ್ತೇ ಎಂದು ಪಾಮರರು ತಿಳಿಯುತ್ತಾರೆ. ಮೂವತ್ತರಲ್ಲಿ ಬರುವುದು 120 ವೋಲ್ಟಿನ ಒಂದೇ ಲೈನು, 3,600 ವಾಟ್. ಐವತ್ತರಲ್ಲಿ ಅಂಥ ಎರಡು ಲೈನು, 12,000 ವಾಟ್. ಮೂವತ್ತರಲ್ಲಿ ಏಸಿ ನಡೆಯುವಾಗ ಮೈಕ್ರೊವೇವ್ ಹಾಕಿದರೆ ಟ್ರಿಪ್ಪಾಗಿ ಎಲ್ಲವೂ ಒಂದೇ ಕತ್ತಲೆಯಲ್ಲಿ ಲೀನವಾಗಬಹುದು. ಆದಕಾರಣ ಮೂವತ್ತು ಆಂಪು ಅದ್ವೈತ, ಐವತ್ತು ಆಂಪು ದ್ವೈತ. ಐವತ್ತರ ಗಾಡಿಗೆ 'ಡಾಗ್‌ಬೋನ್' ಅಡಾಪ್ಟರ್ ಸಿಕ್ಕಿಸಿ ಮೂವತ್ತರಲ್ಲೇ ಸಂಸಾರ ನಡೆಸುವವರು ವಿಶಿಷ್ಟಾದ್ವೈತಿಗಳು.

2.3 ಜಲಾಧಾರಿತ

ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಕುಡಿಯುವ ನೀರಿನದು ಸತ್ವ. ಸ್ನಾನ ಮತ್ತು ಪಾತ್ರೆ ತೊಳೆದ ನೀರಿನ 'ಗ್ರೇ' ಟ್ಯಾಂಕು ರಜಸ್ಸು. ಕಕ್ಕಸಿನ 'ಬ್ಲ್ಯಾಕ್' ಟ್ಯಾಂಕು ತಮಸ್ಸು. ಹೆಸರಿಟ್ಟವರಿಗೆ ಸಾಂಖ್ಯದ ಪರಿಚಯ ಇದ್ದಿರಬೇಕು. ಡಂಪ್ ಸ್ಟೇಷನ್ನಿನಲ್ಲಿ ಮೊದಲು ತಮಸ್ಸನ್ನು ಬಿಡಬೇಕು, ಆಮೇಲೆ ರಜಸ್ಸನ್ನು. ಆಗ ರಜಸ್ಸು ಹರಿದು ತಮಸ್ಸಿನ ಪೈಪನ್ನು ತೊಳೆಯುತ್ತದೆ. ಈ ಕ್ರಮವನ್ನು ತಪ್ಪಿಸಿದವರು ಪೈಪು ಸುತ್ತಿಡುವಾಗ ಕರ್ಮಸಿದ್ಧಾಂತವನ್ನು ಕೈಯಾರೆ ಅರಿಯುತ್ತಾರೆ.

2.4 ಶಬ್ದಾಧಾರಿತ

ಸ್ಟೇಟ್ ಪಾರ್ಕುಗಳ ಶಿಬಿರಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನ. ಜನರೇಟರಿಗೆ ಬೆಳಿಗ್ಗೆ 10ರಿಂದ ಸಂಜೆ 8. ಉಳಿದ ಹೊತ್ತು ಕಂಬಳಿ ಹೊದ್ದ ದಾರ್ಶನಿಕರು ಬೆಂಕಿಯ ಮುಂದೆ ಕೂತು ಪ್ರಕೃತಿಗೆ ಮರಳುವ ಬಗ್ಗೆ ಮಾತಾಡುತ್ತಾರೆ.

2.5ರಿಂದ 2.16ರವರೆಗಿನ ವರ್ಗಗಳನ್ನು ಬಿಟ್ಟಿದ್ದೇನೆ. ಸಾಕಾಯಿತು.

3.0 ನದೀಮುಖಿ ನೆಲೆಯ ಬೆಲೆ ಕುರಿತು

'ರಿವರ್ ವ್ಯೂ' ಎಂದು ಐದಾರು ಡಾಲರ್ ಹೆಚ್ಚಿಗೆ ತೆತ್ತು ಆಗಸ್ಟಿನಲ್ಲಿ ಹೋದರೆ ಕಾಣುವುದು ಬಿಸಿಲಿಗೆ ಕಾದ ಜಲ್ಲಿಕಲ್ಲಿನ ಬಯಲು. ಅದರ ಆಚೆ ತುದಿಯಲ್ಲಿ, ಒಬ್ಬ ಆಲಸಿ ನಡೆದಂತೆ, ಈಲ್. ನೀರು ಬೆಚ್ಚಗಾದ ತಿಂಗಳುಗಳಲ್ಲಿ ವಿಷಪಾಚಿ ಬೆಳೆಯುವುದರಿಂದ ನಾಯಿಯನ್ನು ಇಳಿಸಬೇಡಿ ಎಂಬ ಬೋರ್ಡೂ ಇರುತ್ತದೆ. ಇದೇ ನದಿ ಎಂದರೆ ನಂಬಿಕೆ ಬರುವುದಿಲ್ಲ. 1964ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿನ ವಾರದಲ್ಲಿ, ಈಲ್ ನದಿ ಸ್ಕೋಶಿಯಾ ಎಂಬ ಊರಿನ ಹತ್ತಿರ ಸೆಕೆಂಡಿಗೆ 7,52,000 ಘನ ಅಡಿ ನೀರು ಹರಿಸಿತು. ವೀಯಾಟ್, ಪೆಪರ್‌ವುಡ್ ಎಂಬ ಊರುಗಳನ್ನು ಬಳಿದುಕೊಂಡು ಹೋಯಿತು. ಉತ್ತರದಲ್ಲಿ ಕ್ಲಾಮತ್ ನದಿ ತನ್ನ ಹೆಸರಿನ ಊರನ್ನೇ ನುಂಗಿತು. ನೀರು ಎಲ್ಲಿಯವರೆಗೆ ಏರಿತ್ತೆಂದು ವೀಯಾಟಿನಲ್ಲಿ ಕಂಬ ನೆಟ್ಟು ಗುರುತು ಹಾಕಿದ್ದಾರೆ. ಅದನ್ನು ನೋಡಲು ಕತ್ತೆತ್ತಬೇಕು.

ನದಿದಡದ ಚಪ್ಪಟೆ ಜಾಗದಲ್ಲಿ ಗಟ್ಟಿ ಮನೆಗಿಂತ ಗಾಲಿಯ ಮನೆ ಹೆಚ್ಚು ಕಾಣುವುದರ ಗುಟ್ಟು ಇಲ್ಲಿದೆ. ಬಹಳ ಎತ್ತರದ ಎಷ್ಟೋ ರೆಡ್‌ವುಡ್ಡುಗಳು ಬೆಳೆಯುವುದೂ ಇಂಥ ದಡದಲ್ಲೇ. ನೆರೆ ತಂದ ಹೂಳು ಬುಡವನ್ನು ಮುಚ್ಚಿದರೆ ಈ ಮರ ಆ ಹೊಸ ಮಣ್ಣಿನಲ್ಲೇ ಇನ್ನೊಂದು ಸುತ್ತು ಬೇರು ಬಿಡುತ್ತದೆ.

ಆದರೆ ಅದಕ್ಕೂ ಒಂದು ಮಿತಿಯುಂಟು. ಬುಲ್ ಕ್ರೀಕ್ ಎಂಬ ಹಳ್ಳದ ಕೆಳದಂಡೆಯ ಕಾಡನ್ನು ರಾಕ್‌ಫೆಲರ್ ಮನೆತನದ ದುಡ್ಡಿನಿಂದ ಕೊಂಡು ಉಳಿಸಿದ್ದರು. ಮೇಲಿನ ಬೆಟ್ಟಗಳನ್ನು ಮಾತ್ರ ಕಡಿಯಲು ಬಿಟ್ಟರು. 1955ರ ನೆರೆಯಲ್ಲಿ ಆ ಬೋಳು ಬೆಟ್ಟಗಳ ಮಣ್ಣು, ಬಂಡೆ, ದಿಮ್ಮಿ ಎಲ್ಲ ಇಳಿದು ಬಂದು, ಉಳಿಸಿದ ಕಾಡಿನ ನೂರಾರು ಹಳೆಯ ಮರಗಳನ್ನು ಉರುಳಿಸಿದವು. ಆಮೇಲೆ ಬುದ್ಧಿ ಬಂದು ಮೇಲಿನ ಜಲಾನಯನವನ್ನೂ ಕೊಂಡರು. ಕಾಡನ್ನು ಸೈಟಿನಂತೆ ಅಳೆದು ಬೇಲಿ ಹಾಕಿ ಉಳಿಸಲಾಗದು ಎಂದು ಕಲಿಯಲು ಅಷ್ಟು ಮರ ಬೀಳಬೇಕಾಯಿತು. ಇದನ್ನು ಯಾವ ಪರಿಭಾಷೆಯಲ್ಲಿ ಹೇಳಬೇಕೋ ಪ್ರಸ್ತುತ ಸಂಶೋಧಕನಿಗೆ ಹೊಳೆಯುತ್ತಿಲ್ಲ.

4.0 ಮಂಡಕ್ಕಿ ಮೀಮಾಂಸೆ

ಬೇ ಏರಿಯಾದಿಂದ ಹೊರಟ ಕನ್ನಡಿಗರ ಶಿಬಿರದಲ್ಲಿ ಖಾರಾ ಮಂಡಕ್ಕಿ ಇರುವುದು ಸಾರ್ವತ್ರಿಕ. ಮಂಡಕ್ಕಿ ಚೆಲ್ಲುವುದೂ ಸಾರ್ವತ್ರಿಕ. 'ಹೋಗಲಿ ಬಿಡಿ, ಹಕ್ಕಿ ತಿನ್ನುತ್ತೆ' ಎಂಬ ಅದರ ಭಾಷ್ಯವೂ ಸಾರ್ವತ್ರಿಕ. ಈ ಭಾಷ್ಯವನ್ನು ಖಂಡಿಸಬೇಕಾಗಿದೆ.

ಮಾರ್ಬಲ್ಡ್ ಮರೆಲೆಟ್ ಎಂಬುದೊಂದು ಕಡಲಹಕ್ಕಿ. ಮೀನಿಗೆ ಸಮುದ್ರ, ಮೊಟ್ಟೆಗೆ ಕಾಡು. ಹಳೆಯ ಮರದ ದಪ್ಪ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಚೆಲ್ಲಿದ ತಿಂಡಿ ಹುಡುಕಿ ಬರುವ ಸ್ಟೆಲ್ಲರ್ಸ್ ಜೇ ಹಕ್ಕಿಗಳು, ಕಾಗೆಯ ಜಾತಿಯವು, ಶಿಬಿರದ ಸುತ್ತ ಹೆಚ್ಚಿ ಆ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಅದಕ್ಕೇ ರೆಡ್‌ವುಡ್ ಪಾರ್ಕುಗಳಲ್ಲಿ ಒಂದು ಅಗುಳೂ ಬಿಡದಂತೆ ಮೇಜು ಒರೆಸಿ ಎಂದು ಅಷ್ಟೊಂದು ಒತ್ತಾಯ. ಮೂರು ಕಾಳು ಮಂಡಕ್ಕಿಗೂ ಕಡಲಿನ ಒಂದು ಕುಲಕ್ಕೂ ಸಂಬಂಧ ಇದೆ.

ಮರೆಲೆಟ್ಟಿನ ಗೂಡು ಎಲ್ಲಿರುತ್ತದೆಂದು ಪಕ್ಷಿಶಾಸ್ತ್ರಜ್ಞರು ದಶಕಗಟ್ಟಲೆ ಹುಡುಕಿದ್ದರು. ಕೊನೆಗೆ 1974ರಲ್ಲಿ ಸಾಂಟಾ ಕ್ರೂಜ್ ಬೆಟ್ಟಗಳ ಬಿಗ್ ಬೇಸಿನ್ ಪಾರ್ಕಿನಲ್ಲಿ, ಶಿಬಿರದ ಮೇಲೆ ಬೀಳುವಂತಿದ್ದ ಕೊಂಬೆ ಕತ್ತರಿಸಲು ಹತ್ತಿದ ಕೆಲಸಗಾರನೊಬ್ಬನ ಕಣ್ಣಿಗೆ ಅದು ಬಿತ್ತು. ಸಂಕಿರಣಗಳಲ್ಲಿ ಯಾರಾದರೂ ಮರ ಹತ್ತುವವರನ್ನು ಒಮ್ಮೆ ವೇದಿಕೆಗೆ ಕರೆಯಬಾರದೆ?

5.0 ವರ್ಗೀಕರಣದ ವರ್ಗೀಕರಣ

ಈಗ, ಆಗಲೇ ಹೇಳಿದ ಮರಗಳ ವಯೋಮಿತಿಯ ವಿಷಯ. ಬಿಳಿಯರು ಬರುವ ಮೊದಲು ಈ ಕರಾವಳಿಯಲ್ಲಿ ಸುಮಾರು 20 ಲಕ್ಷ ಎಕರೆ ಹಳೆಯ ರೆಡ್‌ವುಡ್ ಕಾಡಿತ್ತು. ಉಳಿದಿರುವುದು ನೂರಕ್ಕೆ ಐದು ಪಾಲು. ಮಿಕ್ಕ ತೊಂಬತ್ತೈದು ಮನೆಯ ಗೋಡೆಯಾಗಿ, ಬೇಲಿಯಾಗಿ, ರೈಲುಹಳಿಯ ಅಡಿಹಲಗೆಯಾಗಿ ಹೋಯಿತು. ನಾವು ಕಾಡಿಗೆ ಹೋಗುತ್ತೇವೆ ಎಂದು ಹೊರಡುವುದು ಆ ಐದರ ಒಳಗೆ.

ಆ ಐದು ಉಳಿಯುವುದಕ್ಕೆ 1918ರಲ್ಲಿ ಹುಟ್ಟಿದ 'ಸೇವ್ ದ ರೆಡ್‌ವುಡ್ಸ್ ಲೀಗ್' ಬಹುದೊಡ್ಡ ಕಾರಣ. ಅದು ಇಲ್ಲದಿದ್ದರೆ ಇವತ್ತು ಅವೆನ್ಯೂ ಇರುತ್ತಿತ್ತು, ಜಯಂಟ್ಸ್ ಇರುತ್ತಿರಲಿಲ್ಲ. ಸ್ಥಾಪಕರು ಮೂವರು. ಅವರಲ್ಲೊಬ್ಬ ಮ್ಯಾಡಿಸನ್ ಗ್ರ್ಯಾಂಟ್. ಲೀಗ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಆತ ಒಂದು ಪುಸ್ತಕ ಬರೆದಿದ್ದ. ಅದರಲ್ಲಿ ಮನುಷ್ಯರನ್ನು ಮೇಲು ಕುಲ, ಕೀಳು ಕುಲ ಎಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ. ವಿಷಯಸೂಚಿ ಇತ್ತು, ನಕ್ಷೆಗಳಿದ್ದವು, ಪರಿಭಾಷೆ ಇತ್ತು. ನಾಟ್ಸಿಗಳು ಅದನ್ನು ಮೆಚ್ಚಿದರು.

ಇಲ್ಲಿ ನನಗೆ ಅಣಕಿಸಲು ಆಗುತ್ತಿಲ್ಲ. ಮರದ ವಂಶ ಅಳಿಯುತ್ತಿದೆಯೆಂದು ಮರುಗಿದ ಮನುಷ್ಯನಿಗೆ ಆ ಮರಗಳ ಕೆಳಗೆ ಬದುಕಿದ್ದ ಜನರ ವಂಶ ಕಾಣಲಿಲ್ಲ. ಇದೇ ಹಂಬೋಲ್ಟ್ ಕೌಂಟಿಯ ಯೂರಿಕಾ ಊರೆದುರಿನ ಟುಲುವಾಟ್ ದ್ವೀಪದಲ್ಲಿ 1860ರ ಫೆಬ್ರವರಿಯ ಒಂದು ರಾತ್ರಿ, ಹಬ್ಬ ಮುಗಿಸಿ ಮಲಗಿದ್ದ ವಿಯಾಟ್ ಜನರನ್ನು, ಹೆಚ್ಚಿನಂಶ ಹೆಂಗಸರು ಮಕ್ಕಳನ್ನು, ಬಿಳಿಯರು ಕೊಡಲಿಯಿಂದ ಕೊಚ್ಚಿ ಹಾಕಿದರು. ಅದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಯೂರಿಕಾ ನಗರ ಆ ದ್ವೀಪದಲ್ಲಿ ತನ್ನ ಬಳಿ ಉಳಿದಿದ್ದ ಪಾಲನ್ನು ಅವರಿಗೆ ಮರಳಿಸಿದ್ದು 2019ರಲ್ಲಿ. ಗ್ರ್ಯಾಂಟನ ಹೆಸರಿನ ಸ್ಮಾರಕವನ್ನು ರೆಡ್‌ವುಡ್ ಕಾಡಿನಿಂದ ತೆಗೆದದ್ದು 2021ರಲ್ಲಿ. ಜನರನ್ನು ಖಾನೆಗಳಿಗೆ ತುಂಬುವ ವಿದ್ವತ್ತು ನಿರುಪದ್ರವಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

6.0

ಇಷ್ಟು ಹೊತ್ತು ನಾನು ಗಾಡಿಗಳನ್ನು ವಿಂಗಡಿಸುತ್ತ ಕೂತಿದ್ದೆ. ಗಾಡಿಯೊಳಗಿನವರನ್ನು ಕ್ಯಾಲಿಫೋರ್ನಿಯಾದ ಕಾನೂನು ಆಗಲೇ ವಿಂಗಡಿಸಿ ಮುಗಿಸಿದೆ. ಆರ್‌ವಿ ಪಾರ್ಕಿನಲ್ಲಿ 30 ದಿನದವರೆಗೆ ಇದ್ದರೆ ಬರೀ ತಂಗಿದವರು. ಅದು ದಾಟಿದರೆ ಬಾಡಿಗೆದಾರರು. ಒಂಬತ್ತು ತಿಂಗಳಾದರೆ ನಿವಾಸಿಗಳು. ಬಾಡಿಗೆದಾರರನ್ನು ಕಾರಣ ಹೇಳದೆ 30 ದಿನದ ನೋಟಿಸಿನಲ್ಲಿ ಎಬ್ಬಿಸಬಹುದು. ನಿವಾಸಿಗಳಾದರೆ ಕಾರಣ ಹೇಳಬೇಕು, 60 ದಿನ ಕೊಡಬೇಕು. ತಾಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಕಳೆದು ಬಂದವರು ಪಾರ್ಕಿನಲ್ಲಿ ಇನ್ನೊಂದು ಒಂಬತ್ತು ಕಳೆದ ಮೇಲೆ ಕಾನೂನಿನ ಕಣ್ಣಿಗೆ ಪೂರ್ತಿ ಹುಟ್ಟುತ್ತಾರೆ. ಎಂಟನೆಯದರಲ್ಲಿ ಎಬ್ಬಿಸಿಬಿಟ್ಟರೆ ಇನ್ನೊಂದು ಪಾರ್ಕಿನಲ್ಲಿ ಮತ್ತೆ ಮೊದಲ ದಿನ.

ಅಗ್ಗದ ಪಾರ್ಕುಗಳಲ್ಲಿ ಹೀಗೆ ನೆಲೆ ನಿಂತವರನ್ನು ಗುರುತಿಸಲು ಸಿದ್ಧಾಂತ ಬೇಕಿಲ್ಲ. ಗಾಡಿಯ ಅಡಿಯಲ್ಲಿ ಹುಲ್ಲು ಬೆಳೆದಿರುತ್ತದೆ. ಟೈರಿಗೆ ಬಿಸಿಲು ತಾಗದಂತೆ ಹಲಗೆ ಒರಗಿಸಿರುತ್ತಾರೆ. ಮೆಟ್ಟಿಲ ಪಕ್ಕ ಟೊಮೆಟೊ ಕುಂಡ. ಬೆಳಗಾದರೆ ಚೀಲ ಬೆನ್ನಿಗೇರಿಸಿ ಗೇಟಿನ ಹತ್ತಿರ ಬಸ್ಸು ಕಾಯುವ ಮಗು. ಮನೆಬಾಡಿಗೆ ಎಟುಕದೆ ಬಂದವರು ಇವರು. ಕ್ಯಾಲಿಫೋರ್ನಿಯಾದಲ್ಲಿ ಮನೆಬಾಡಿಗೆ ಏಕೆ ಎಟುಕುವುದಿಲ್ಲ ಎಂದು ಬೇ ಏರಿಯಾದಲ್ಲಿ ಕಂಪ್ಯೂಟರ್ ಸಂಬಳ ಎಣಿಸುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ವಾರಾಂತ್ಯಕ್ಕೆ 'ಸರಳ ಬದುಕಿನ ಅನುಭವ'ಕ್ಕೆಂದು ಹೋಗುವುದು ಇವರ ಅಂಗಳಕ್ಕೆ.

7.0 ಶಿಫಾರಸು

ಲಾಂಗ್ ವೀಕೆಂಡಿಗೆ ಹೋಗುವವರು ಖಂಡಿತ ಹೋಗಿ. ಆ ಮರಗಳನ್ನು ನೋಡದೆ ಇರಬಾರದು. ಸೌದೆ ಮನೆಯಿಂದ ಒಯ್ಯಬೇಡಿ, ಅದರೊಳಗಿನ ಹುಳ ಕಾಡಿಗೆ ಇಳಿಯುತ್ತದೆ, ಅಲ್ಲಿಯೇ ಕೊಳ್ಳಿ. ಕಾಲುದಾರಿ ಬಿಟ್ಟು ಬುಡಕ್ಕೆ ಹೋಗಬೇಡಿ. ಮಂಡಕ್ಕಿಯನ್ನು ಒಂದೊಂದೇ ಆಯಿರಿ. ಪಕ್ಕದ ಸೈಟಿನಲ್ಲಿ ಟೊಮೆಟೊ ಕುಂಡ ಕಂಡರೆ ರಾತ್ರಿ ಹತ್ತರ ಮೇಲೆ ಅಂತ್ಯಾಕ್ಷರಿ ನಿಲ್ಲಿಸಿ. ನಿಮಗೆ ರಜೆ ಇದೆ, ಅವರು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡಬೇಕು.