ಮೂವತ್ತೆರಡರ ಮೀಮಾಂಸೆ, ಅರ್ಥಾತ್ ಪಿಸ್ತೂಲು ಖರೀದಿ ಪ್ರಕರಣ

ಸತ್ಯಬೋಧತೀರ್ಥರ ವೃಂದಾವನವಿರುವ ಸವಣೂರಿನಲ್ಲಿ ಪ್ರಮಾಣವಿಲ್ಲದೆ ಏನನ್ನೂ ಒಪ್ಪುವಂತಿಲ್ಲ. ದ್ವೈತಿಗಳ ಲೆಕ್ಕದಲ್ಲಿ ಪ್ರಮಾಣ ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಆದಕಾರಣ ಊರಿನ ಎಲೆ ವ್ಯಾಪಾರಿಯೊಬ್ಬ (ಶಾಸ್ತ್ರಗ್ರಂಥಗಳ ರೂಢಿಯಂತೆ ಅವನನ್ನು ದೇವದತ್ತನೆನ್ನೋಣ) ಹೊಸ ಮಾದರಿಯ .32 ಪಿಸ್ತೂಲು ಕೊಳ್ಳಬೇಕೋ ಬೇಡವೋ ಎಂಬುದನ್ನೂ ಈ ಮೂರು ಒರೆಗಲ್ಲಿಗೆ ಹಚ್ಚತಕ್ಕದ್ದು.

ಪ್ರತ್ಯಕ್ಷ ಬೇಗ ಮುಗಿಯುತ್ತದೆ. ವೀಳ್ಯದೆಲೆಯಾದರೆ ಕಟ್ಟು ಬಿಚ್ಚಿ, ತೊಟ್ಟು ಹಿಡಿದು, ಬೆಳಕಿಗೊಡ್ಡಿ ನೋಡಬಹುದು. ಪಿಸ್ತೂಲಿಗೆ ಮೊದಲು ಅರ್ಜಿ, ಪೊಲೀಸ್ ವಿಚಾರಣೆ, ತರಬೇತಿ ಪತ್ರ, ಹಾವೇರಿಯ ಜಿಲ್ಲಾಧಿಕಾರಿ ಕಚೇರಿ, ಲೈಸನ್ಸ್. ಕಣ್ಣಿಗೆ ಬೀಳುವುದು ಆಮೇಲೆ.

ಅನುಮಾನಕ್ಕೆ ಊರಿನಲ್ಲೇ ದೃಷ್ಟಾಂತವಿದೆ. ಪೇಶ್ವೆಯನ್ನು ಬಿಟ್ಟು ಬಂದ ಫಿರಂಗಿ ಪರಿಣತ ಮುಜಫರ್ ಖಾನನನ್ನು ನವಾಬ ಅಬ್ದುಲ್ ಹಕೀಮ್ ಖಾನ್ ಇಟ್ಟುಕೊಂಡ, 1756ರಲ್ಲಿ ಮರಾಠರೂ ನಿಜಾಮನ ಕಡೆಯವರೂ ಫ್ರೆಂಚ್ ಬುಸ್ಸಿಯ ತೋಪುಗಳೊಂದಿಗೆ ಬಂದು ಸವಣೂರನ್ನು ಮುತ್ತಿದರು, ನವಾಬ ಮಣಿದ. ಆಯುಧ ತರುವ ಖರ್ಚಿಗಿಂತ ಆಯುಧ ತಂದಿಡುವ ಖರ್ಚು ದೊಡ್ಡದು.

ಪರದೇಶದ ದೃಷ್ಟಾಂತ: 2003ರಲ್ಲಿ ಗ್ಲಾಕ್ ಕಂಪನಿ ತನ್ನದೇ ಹೆಸರಿಟ್ಟು .45 ಗ್ಯಾಪ್ ಎಂಬ ಗುಂಡು ತಂದಾಗ ಅಮೆರಿಕದ ಕೆಲವು ರಾಜ್ಯಗಳ ಪೊಲೀಸರೇ ಅದನ್ನು ಕೊಂಡರು, ಆಮೇಲೆ ಕೈಬಿಟ್ಟರು. 2022ರಲ್ಲಿ ಬಂದ .30 ಸೂಪರ್ ಕ್ಯಾರಿ ತೆಳ್ಳಗಿನದು, 9 ಎಂ.ಎಂ. ಪಿಸ್ತೂಲಿನಷ್ಟೇ ಜಾಗದಲ್ಲಿ ಎರಡು ಗುಂಡು ಹೆಚ್ಚು ಹಿಡಿಸುತ್ತವೆ. ಆದರೆ ಅದನ್ನು ಮಾರುವ ಅಂಗಡಿ ಹುಡುಕಬೇಕು. ಹೊಗೆಯಿರುವಲ್ಲಿ ಬೆಂಕಿ ಎಂಬುದು ತಾರ್ಕಿಕರ ಹಳೆಯ ಮಾತು. ಗುಂಡು ಸಿಗದಲ್ಲಿ ಎರಡೂ ಇಲ್ಲ.

ಇನ್ನು ಆಗಮ, ಅಂದರೆ 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಇಲ್ಲಿ ಲೋಕವೇ ತಲೆಕೆಳಗು. ಜಗತ್ತಿನಾದ್ಯಂತ ಮಾಮೂಲಿಯಾದ 9 ಎಂ.ಎಂ. ನಮ್ಮ ಸಾಮಾನ್ಯ ಪ್ರಜೆಗೆ ನಿಷಿದ್ಧ. ಬ್ರೌನಿಂಗ್ ಮಹಾಶಯ 1899ರಲ್ಲಿ ರೂಪಿಸಿದ, ಬೇರೆಡೆ ಅಜ್ಜನೆನಿಸಿಕೊಂಡ .32 ಇಲ್ಲಿ ಮದುಮಗ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಪಿಸ್ತೂಲು ಅದೇ .32, 2023ರಲ್ಲಿ ಕಾನ್ಪುರದಿಂದ ಬಂದ ‘ಪ್ರಬಲ್’ ರಿವಾಲ್ವರೂ .32.

ಇಲ್ಲಿ ಖಾರದಂಗಡಿಯ ಕಟ್ಟೆಯಿಂದ ಪೂರ್ವಪಕ್ಷ ಏಳುತ್ತದೆ: “ಮೂವತ್ತೆರಡ ಅಂದ್ರ ಮೂವತ್ತೆರಡಽ ಅಲ್ಲೇನ್ರಿ ಸಾಹುಕಾರ್ರ? ಇದರ ಗುಂಡು ಅದಕ್ಕ ಹಾಕಿದ್ರಾತು!”

ಆಗುವುದಿಲ್ಲ. ಪಿಸ್ತೂಲಿನ .32 ಗುಂಡಿನ ಕೊಳವೆ 17 ಮಿ.ಮೀ. ಉದ್ದ, ಬುಡದ ಅಂಚು ಇದ್ದೂ ಇಲ್ಲದಂತೆ. ರಿವಾಲ್ವರಿನದು 23 ಮಿ.ಮೀ.ಗೂ ಹೆಚ್ಚು, ಅಂಚು ಎದ್ದು ಕಾಣುತ್ತದೆ. ಸವಣೂರಿನ ಕುರುಕಲು ತಿಂಡಿಯೂ ಖಾರ, ಬ್ಯಾಡಗಿಯ ಮೆಣಸಿನಪುಡಿಯೂ ಖಾರ. ಆದರೆ ಮೊದಲನೆಯದನ್ನು ಮುಕ್ಕಿದಂತೆ ಎರಡನೆಯದನ್ನು ಮುಕ್ಕಿದವನು ವಾದ ಮುಂದುವರಿಸಲಾರ.

ಆಗಮದ ಪರಮ ರಹಸ್ಯ ಇನ್ನೂ ಉಳಿದಿದೆ. ಚುನಾವಣೆ ಘೋಷಣೆಯಾದರೆ, ಪರಿಶೀಲನಾ ಸಮಿತಿ ವಿನಾಯಿತಿ ಕೊಡದ ಹೊರತು, ಲೈಸನ್ಸಿನ ಆಯುಧ ಪೊಲೀಸ್ ಠಾಣೆಯಲ್ಲಿ ಠೇವಣಿ. ಸವಣೂರು ಇರುವುದು ಶಿಗ್ಗಾವಿ ಕ್ಷೇತ್ರದಲ್ಲಿ. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ. ಲೋಕಸಭೆಗೆ ಗೆದ್ದ ಕ್ಷೇತ್ರದ ಶಾಸಕ ಬೊಮ್ಮಾಯಿಯವರು ದೆಹಲಿಗೆ ಹೋದದ್ದರಿಂದ ನವೆಂಬರ್ 13ಕ್ಕೆ ಉಪಚುನಾವಣೆ. ಘೋಷಣೆಯಿಂದ ಮತ ಎಣಿಕೆಯವರೆಗೆ 46, 81, 40: ಒಟ್ಟು 167 ದಿನ. ಇಪ್ಪತ್ತು ತಿಂಗಳಲ್ಲಿ ಐದೂವರೆ ತಿಂಗಳು, ಮನೆ ಕಾಯಲು ತಂದ ಪಿಸ್ತೂಲು ಠಾಣೆಯಲ್ಲಿ ಇದ್ದಂತಾಯಿತು. ಅಷ್ಟು ದಿನ ಪೊಲೀಸರೇ ಅದನ್ನು ಕಾಯಬೇಕು.

ದೇವದತ್ತ ಈಗ ಖಾರದ ಪೊಟ್ಟಣದ ಹಿಂಬದಿಯಲ್ಲಿ ಪುರಸಭೆ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಎಂದು ಬರೆದು ಕೂಡಿಸುತ್ತಿದ್ದಾನೆ. ಕಾಗದಕ್ಕೆ ಎಣ್ಣೆ ಹತ್ತಿ ಅಂಕಿ ಸರಿಯಾಗಿ ಮೂಡುತ್ತಿಲ್ಲ.