ಏಳು ಮೀಟರ್ ದೂರದ ಮೌನ

ನದಿಯ ಮಧ್ಯೆ ಲಂಗರು ಹಾಕಿ ಕೂತು ಫ್ಯಾನ್ ಬೇಕು ಅನ್ನುವವರು ಕಡಿಮೆ. ಅಂಥವರಲ್ಲಿ ನಮ್ಮ ಭಾವ ಒಬ್ಬರು. ಕೋಡಿಬೆಂಗ್ರೆಯ ಹತ್ತಿರ, ಸುವರ್ಣಾ ನದಿ ಕಡಲು ಸೇರುವ ಆತುರ ಬಿಟ್ಟು ಅಗಲಕ್ಕೆ ಹರಡಿಕೊಳ್ಳುವ ಕಡೆ ಅವರದೊಂದು ಹಳೆಯ ಫೈಬರ್ ಬೋಟ್ ಇದೆ. ಉದ್ದ 22 ಅಡಿ. ನಡುವೆ ಪುಟ್ಟದೊಂದು ಕ್ಯಾಬಿನ್. ಅದರೊಳಗೆ ಇಬ್ಬರು ಆರಾಮಾಗಿ ಕೂರಬಹುದು. ಮೂರನೆಯವರು ಬಂದರೆ ಮೊದಲಿನ ಇಬ್ಬರು ಎದ್ದು ನಿಲ್ಲಬೇಕು. ಮೇ ತಿಂಗಳ ರಾತ್ರಿ ಗಾಳಿ ಬಿದ್ದುಹೋದಾಗ ಅಲ್ಲಿ ಕೂತವರು ಕುಚ್ಚಲಕ್ಕಿಯ ಹಾಗೆ ಬೇಯುತ್ತಾರೆ ಎಂಬುದು ನಿಜವೇ. ಆದ್ದರಿಂದ ಒಂದು ಜನರೇಟರ್ ಬೇಕು, ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದು, ಎಂದು ಭಾವ ತೀರ್ಮಾನಿಸಿದರು.

ಏನೇನು ಓಡಿಸಬೇಕೆಂದು ಮೊದಲು ಪಟ್ಟಿ ಮಾಡಿ ವ್ಯಾಟ್ ಕೂಡಿಸಬೇಕು, ಆಮೇಲೆ ಅಂಗಡಿಗೆ ಹೋಗಬೇಕು. ಭಾವ ಹಾಗೆಯೇ ಮಾಡಿದರು. ಒಂಬತ್ತು ವ್ಯಾಟಿನ ಎರಡು ಎಲ್‌ಇಡಿ ಬಲ್ಬ್, ಐವತ್ತು ವ್ಯಾಟಿನ ಒಂದು ಫ್ಯಾನ್, ಮೊಬೈಲಿಗೆ ಇಪ್ಪತ್ತು. ಒಟ್ಟು 88 ವ್ಯಾಟ್. ಚೀಟಿಯನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಿದರು, ಅಷ್ಟೇ. ಬೆಳಿಗ್ಗೆ ನೋಡಿದರೆ ಅಕ್ಕ ಮಿಕ್ಸಿ ಸೇರಿಸಿದ್ದಳು: 750. ಬೋಟಿನಲ್ಲಿ ಮಸಾಲೆ ಕಡೆಯಲಿಕ್ಕೆ ಆಗದಿದ್ದರೆ ಬೋಟ್ ಯಾಕೆ ಎಂಬುದು ಅವಳ ಪ್ರಶ್ನೆ. ಅಳಿಯ ಇಂಡಕ್ಷನ್ ಒಲೆ ಬರೆದಿದ್ದ: 2,000. ಭಾವನ ಅಮ್ಮ, ಬಿಸಿನೀರಿಲ್ಲದ ಕಡೆಗೆ ಈ ವಯಸ್ಸಿನಲ್ಲಿ ತಾನು ಬರುವವಳಲ್ಲ ಎಂದು ಗೀಸರ್ ಬರೆಸಿದ್ದರು: 3,000. ಕೊನೆಯಲ್ಲಿ ಯಾರದೋ ಅಕ್ಷರದಲ್ಲಿ ಫ್ರಿಜ್, 150. ಮೀನಿಡಲಿಕ್ಕಂತೆ. ಮೀನು ತುಂಬಿದ ಹೊಳೆಯ ಮೇಲೆ!

ಮೊತ್ತ ಆರು ಸಾವಿರದ ಹತ್ತಿರ ಬಂತು. ಅಷ್ಟಕ್ಕೇ ಮುಗಿಯುವುದಿಲ್ಲ. ಫ್ರಿಜ್ಜಿನಂಥ ಮೋಟರ್ ಸಾಮಾನು ಓಡುವಾಗ ಎಳೆಯುವುದಕ್ಕಿಂತ ಎದ್ದೇಳುವ ಕ್ಷಣದಲ್ಲಿ ಹಲವು ಪಾಲು ಹೆಚ್ಚು ಕರೆಂಟ್ ಎಳೆಯುತ್ತದೆ. ಜನರೇಟರಿಗೆ ಆ ಕ್ಷಣ ದಾಟುವ ತ್ರಾಣ ಬೇಕು. ಇಷ್ಟೆಲ್ಲ ಹೊರಬಲ್ಲ ಯಂತ್ರ ಎಂಬತ್ತು ಕಿಲೋ ದಾಟುತ್ತದೆ. ಅದನ್ನು ಬೋಟಿನ ಒಂದು ಬದಿಗಿಟ್ಟರೆ ಇನ್ನೊಂದು ಬದಿಯಲ್ಲಿ ಗೀಸರಿನ ಸಮೇತ ಅತ್ತೆಯವರನ್ನು ಕೂರಿಸಬೇಕು.

ಪಟ್ಟಿ ಹರಿದು ಮತ್ತೆ 88ಕ್ಕೆ ಇಳಿಸಿದ ಮೇಲೆ ನಾನು, ಭಾವ ಉಡುಪಿಯ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಎರಡು ಜಾತಿ ತೋರಿಸಿದ. ಒಂದು, ಪೈಪಿನ ಚೌಕಟ್ಟಿನೊಳಗೆ ಮೈಮೇಲೆ ಬಟ್ಟೆ ಇಲ್ಲದೆ ನಿಂತದ್ದು, ಅಗ್ಗ. ಅದು 50 ಹರ್ಟ್ಸ್ ಕರೆಂಟ್ ಕೊಡಬೇಕಾದರೆ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ನೀವು ಗ್ರೈಂಡರ್ ಹಾಕಿ, ಬರೀ ಮೊಬೈಲ್ ಚುಚ್ಚಿ, ಅದರ ಅಬ್ಬರ ಅಷ್ಟೇ. ಇನ್ನೊಂದು, ಸೂಟ್‌ಕೇಸಿನಂಥ ಇನ್ವರ್ಟರ್ ಜನರೇಟರ್. ಅದು ಕರೆಂಟನ್ನು ಒಮ್ಮೆ ಡಿಸಿ ಮಾಡಿ ಮತ್ತೆ ಎಸಿ ಮಾಡುವುದರಿಂದ ಇಂಜಿನ್ ಕೆಲಸ ನೋಡಿಕೊಂಡು ನಿಧಾನವಾಗಬಲ್ಲದು. ಒಂದು ಸಾವಿರ ವ್ಯಾಟಿನ ಆಸುಪಾಸಿನದು ಹದಿಮೂರು ಹದಿನಾಲ್ಕು ಕಿಲೋ. ಬೆಲೆ ಕೇಳಿ ಭಾವ ಸ್ವಲ್ಪ ಹೊತ್ತು ಇತಿಹಾಸ ಮಾತಾಡಿದರು. 1946ರಲ್ಲಿ ಸೊಯಿಚಿರೊ ಹೋಂಡಾ, ಯುದ್ಧ ಮುಗಿದು ಉಳಿದಿದ್ದ ಸೈನ್ಯದ ವೈರ್‌ಲೆಸ್ ಜನರೇಟರಿನ ಇಂಜಿನ್ನುಗಳನ್ನು ಸೈಕಲಿಗೆ ಕಟ್ಟಿ ಮಾರಿದ್ದರಂತೆ. ಅಲ್ಲಿಂದಲೇ ಆ ಸಾಮ್ರಾಜ್ಯ ಶುರುವಾದದ್ದು. ದುಬಾರಿ ವಸ್ತು ಕೊಳ್ಳುವಾಗ ಹೀಗೊಂದು ಪುರಾಣ ಜೊತೆಗಿದ್ದರೆ ಜೇಬಿನ ನೋವು ಗೊತ್ತಾಗುವುದಿಲ್ಲ.

ಆಮೇಲೆ ಹುಡುಗ ಪುಸ್ತಿಕೆ ಬಿಡಿಸಿ, "ಸೌಂಡೇ ಇಲ್ಲ ಸರ್, ಐವತ್ತೇಳು ಡೆಸಿಬಲ್" ಅಂದ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಏಳು ಮೀಟರ್ ದೂರದಿಂದ ಅಳೆದದ್ದು. ಏಳು ಮೀಟರ್ ಅಂದರೆ 23 ಅಡಿ. ನಮ್ಮ ಬೋಟ್ 22. ಅಂದರೆ ಆ ಮೌನವನ್ನು ಕೇಳಬೇಕಾದರೆ ಜನರೇಟರನ್ನು ಹಿಂದಿನ ತುದಿಗಿಟ್ಟು, ಮುಂದಿನ ತುದಿಯಿಂದ ಹೊಳೆಗೆ ಹಾರಿ, ಒಂದು ಅಡಿ ಆಚೆ ಈಜುತ್ತಾ ಇರಬೇಕು.

ಭಾವ ಇದಕ್ಕೂ ಕುಗ್ಗಲಿಲ್ಲ. "ಕ್ಯಾಬಿನ್ನಿನ ಒಳಗಿಟ್ಟು ಬಾಗಿಲು ಹಾಕಿದರಾಯ್ತು" ಅಂದರು.

ಹುಡುಗನ ಮುಖ ಬಿಳುಚಿತು. ಅವನು ಹೆದರಿದ್ದು ಸರಿಯಾಗಿಯೇ ಇತ್ತು. ಪೆಟ್ರೋಲ್ ಉರಿದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ದೋಣಿಯಲ್ಲಿ ಇನ್ನೊಂದು ಕುತ್ತು ಇದೆ: ತಲೆನೋವು, ತಲೆಸುತ್ತು, ವಾಂತಿ ಬಂದರೆ ಜನ ಕಡಲ ವಾಂತಿ ಅಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಮಲಗಿ ಅಂತ ರೋಗಿಯನ್ನು ಕ್ಯಾಬಿನ್ನಿನ ಒಳಗೇ ಕಳಿಸುತ್ತಾರೆ. ಜನರೇಟರನ್ನು ಮನೆಯ ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಇಡಬೇಕೆಂದು ಅಮೆರಿಕದವರು ಹೇಳುವುದು ಇದಕ್ಕೇ. ನಮ್ಮ ಕ್ಯಾಬಿನ್ನಿನಿಂದ 20 ಅಡಿ ದೂರದಲ್ಲಿ ಇರುವುದು ಏಡಿಗಳು.

"ಹಾಗಾದರೆ ಜನರೇಟರಿಗೆ ಇನ್ನೊಂದು ಸಣ್ಣ ದೋಣಿ, ಹಿಂದಿನಿಂದ ಹಗ್ಗಕ್ಕೆ ಕಟ್ಟಿ..." ಎಂದು ಭಾವ ಶುರು ಮಾಡಿದ್ದರು. ಅವರಿಗೆ ಪೆಟ್ರೋಲಿನ ಆವಿಯ ವಿಷಯ ನೆನಪಾದದ್ದು ಪುಣ್ಯ. ಅದು ಗಾಳಿಗಿಂತ ಭಾರ; ಮೇಲೆ ಹಾರಿಹೋಗದೆ ದೋಣಿಯ ತಳದಲ್ಲಿ ಕೂತು ಕಿಡಿ ಕಾಯುತ್ತದೆ.

ಸಂಜೆ ಮಲ್ಪೆಯ ಹಳೆಯ ತಾಂಡೇಲರೊಬ್ಬರು, ಅಂದರೆ ಮೀನಿನ ಬೋಟ್ ನಡೆಸುವವರು, ಮನೆಗೆ ಬಂದರು. ಸರ್ವರನ್ನೂ ಕೇಳಿದ ಮೇಲೆ ಗೊತ್ತಿದ್ದವರನ್ನು ಕೇಳುವುದು ನಮ್ಮ ಮನೆಯ ಕ್ರಮ.

"ಹೊಗೆ ಗಾಳಿಯ ಕೆಳಬದಿಗೆ ಹೋಗುವ ಹಾಗೆ ಹಿಂದೆ ಇಟ್ಟರಾಗದಾ?" ಎಂದರು ಭಾವ.

"ಯಾವ ಗಾಳಿ ಮಾರಾಯ್ರೆ? ಮಧ್ಯಾಹ್ನ ಕಡಲಿಂದ ಬರ್ತದೆ, ರಾತ್ರಿ ನೆಲದಿಂದ ಬರ್ತದೆ. ಗಾಳಿ ಸುಮ್ಮನಾದರೆ ಬೋಟ್ ನೀರಿನ ಸೆಳೆತಕ್ಕೆ ತಿರುಗ್ತದೆ. ಉಬ್ಬರಕ್ಕೆ ಒಂದು ಕಡೆ ಮುಖ, ಇಳಿತಕ್ಕೆ ಇನ್ನೊಂದು ಕಡೆ. ನೀವು ನಿದ್ದೆಯಲ್ಲಿರುವಾಗ ಅದು ಕೇಳಿ ತಿರುಗ್ತದಾ?" ಚಹಾ ಮುಗಿಸಿ ಅವರೇ ಸೇರಿಸಿದರು: "88 ವ್ಯಾಟಿಗೆ ಜನರೇಟರ್ ಎಂತಕ್ಕೆ? 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಒಂದು ಇಡಿ. ಅರ್ಧ ಖರ್ಚು ಮಾಡಿದರೂ ಆರೇಳು ಗಂಟೆ ಫ್ಯಾನು, ದೀಪ ನಡೀತದೆ. ಮೇಲೆ ಒಂದು ಸೋಲಾರ್ ಹಲಗೆ. ಶಬ್ದ ಇಲ್ಲ, ಹೊಗೆ ಇಲ್ಲ."

ಇಷ್ಟು ಸರಿಯಾದ ಉತ್ತರ ಕೇಳಿ ಭಾವನ ಮುಖ ಬಾಡಿತು. ಬ್ಯಾಟರಿಗೆ ಎಳೆಯುವ ಹಗ್ಗವಿಲ್ಲ. ಲುಂಗಿ ಎತ್ತಿ ಕಟ್ಟಿ, ಒಂದು ಕಾಲು ಮುಂದಿಟ್ಟು, ಹಗ್ಗ ಜಗ್ಗಿ ಬೆಳಕು ತರುವ ಅವಕಾಶ ಅದರಲ್ಲಿಲ್ಲ. ನಾನು ಇದನ್ನು ಸಣ್ಣ ವಿಷಯ ಅನ್ನಲಾರೆ. ಗಂಡಸರು ಯಂತ್ರ ಕೊಳ್ಳುವ ಕಾರಣಗಳಲ್ಲಿ ವ್ಯಾಟಿಗಿಂತ ಇದೇ ಮೇಲು.

ಮುಂದಿನ ವಾರ ಸೂಟ್‌ಕೇಸ್ ಜನರೇಟರ್ ಮನೆಗೆ ಬಂತು. ಬೋಟಿಗೆ ಹತ್ತಿಸಲು ಅಕ್ಕ ಬಿಡಲಿಲ್ಲ. ಭಾವ ಯೋಚಿಸಿ ಒಂದು ದಾರಿ ಕಂಡುಕೊಂಡರು: 20 ಅಡಿ ದೂರ, 23 ಅಡಿ ಮೌನ, ಎರಡೂ ಒಳಗೇ ಸಿಗುವಂತೆ ಕನಿಷ್ಠ 40 ಅಡಿಯ ಬೋಟ್ ಬೇಕು. ತಾಂಡೇಲರಿಗೆ ಫೋನ್ ಮಾಡಿದರು.

"ಉಂಟು" ಅಂದರು ತಾಂಡೇಲರು. "ಮಲ್ಪೆಯಲ್ಲೊಂದು ಹಳೇ ಮೀನಿನ ಬೋಟ್ ಮಾರಲಿಕ್ಕಿದೆ, 42 ಅಡಿ. ನಿಮಗೆ ತಾಪತ್ರಯವೇ ಇಲ್ಲ. ಡೀಸೆಲ್ ಇಂಜಿನ್ನಿನಲ್ಲೇ ಬ್ಯಾಟರಿ ಚಾರ್ಜ್ ಆಗ್ತದೆ, ದೀಪ, ಫ್ಯಾನು ಎಲ್ಲ ಉಂಟು. ಜನರೇಟರ್ ಬೇಕಾಗುವುದಿಲ್ಲ."

"ಹಾಗಾದ್ರೆ ಬೇಡ" ಎಂದು ಭಾವ ಫೋನ್ ಇಟ್ಟರು.